ಅಮ್ಮ ಕಾದ ಮೂರು ಸೋಮವಾರ

ಸಂಘದ ಅಧ್ಯಕ್ಷರಾದ ದೊಡ್ಡಬೈರಪ್ಪನವರೇ, ವೇದಿಕೆಯ ಮೇಲಿರುವ ಹಿರಿಯರೇ, ಮಲ್ಲೇಶ್ವರದ ಬಿಸಿಲಲ್ಲಿ ನಡೆದು ಬಂದು ಫ್ಯಾನಿನ ಕೆಳಗಿನ ಕುರ್ಚಿಗಳನ್ನೇ ಹುಡುಕಿ ಹಿಡಿದಿರುವ ಸಭಿಕರೇ,

ಅಧ್ಯಕ್ಷರು ನನ್ನನ್ನು ಬಾಳೆಹಣ್ಣಿಗೆ ಆಯಸ್ಸು ಕೊಟ್ಟ ವಿಜ್ಞಾನಿ ಎಂದರು. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ನನ್ನ ತಲೆಗೆ ಸ್ವಲ್ಪ ದೊಡ್ಡದಾಗಿದೆ, ಹೊಗಳಿಕೆಯೂ ಹಾಗೆಯೇ ಆಗಿದೆ. ಅದಕ್ಕೆ ಕಾರಣ ಹೇಳಬೇಕು.

ಏಲಕ್ಕಿ ಬಾಳೆ ಮಾಗಿದ ನಾಲ್ಕೈದು ದಿನಕ್ಕೆ ಕಪ್ಪಾಗುತ್ತದೆ. ತೋಟದಿಂದ ಎಂಟನೇ ಕ್ರಾಸಿನ ಗಾಡಿಗೆ ಬರುವಷ್ಟರಲ್ಲೇ ಎಷ್ಟೋ ಹಣ್ಣುಗಳು ಚಿಪ್ಪಿನಿಂದ ಉದುರಿ ಹೋಗುತ್ತವೆ. ಹಣ್ಣಿಗೆ ‘ಇನ್ನು ಮಾಗು’ ಎಂದು ಸೂಚನೆ ಕೊಡುವ ವಂಶವಾಹಿಯೊಂದಿದೆ. ಅದನ್ನು ತಿದ್ದಿ ನಿಧಾನಗೊಳಿಸಿದೆವು. ಹನ್ನೊಂದು ವರ್ಷದ ಕೆಲಸ. ಹಣ್ಣು ಹದಿನೆಂಟು ದಿನ ನಿಂತಿತು. ಬಣ್ಣ ಇದೆಯೇ? ಇದೆ. ಸಿಹಿ ಇದೆಯೇ? ಇದೆ. ಗುಣ ಒಂದಿಷ್ಟೂ ಕೆಟ್ಟಿಲ್ಲ ಎಂದು ವರದಿ ಬರೆದವನು ನಾನೇ.

ರುಚಿ ನೋಡುವವರ ಫಾರಂ ತಯಾರಿಸುವಾಗ ನನ್ನ ಕಿರಿಯ ಸಹೋದ್ಯೋಗಿ ಯಶಶ್ರೀ, “ಸರ್, ಘಮಕ್ಕೂ ಒಂದು ಕಾಲಂ ಹಾಕೋಣ” ಎಂದಿದ್ದಳು. ನಾನು ನಕ್ಕೆ. “ಬಾಳೆಹಣ್ಣನ್ನ ಯಾರು ಮೂಸ್ತಾರಮ್ಮ, ಸುಲಿದು ತಿಂತಾರೆ” ಎಂದೆ. ಆಕೆ ಆ ಕಾಲಂ ಇಲ್ಲದೆಯೇ ಫಾರಂ ಅಚ್ಚಿಗೆ ಕಳಿಸಿದಳು. ಮೇಲಿನವರು ನಕ್ಕರೆ ಕೆಳಗಿನವರು ಸುಮ್ಮನಾಗುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ.

ನಮ್ಮ ಅಮ್ಮ ಸರಸ್ವತಮ್ಮನವರಿಗೆ ಈಗ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ. ಸೋಮವಾರ ಒಪ್ಪೊತ್ತು ಇರುತ್ತಾರೆ. ಸಂಜೆ ಈಶ್ವರನಿಗೆ ಬಾಳೆಹಣ್ಣು ಇಟ್ಟು, ಅದನ್ನೇ ತಿನ್ನುತ್ತಾರೆ. ಚಿಕ್ಕಂದಿನಲ್ಲಿ ಊರಿನಲ್ಲಿ ಗೊನೆಯನ್ನು ಹೊಗೆಗೆ ಇಟ್ಟು ಮಾಗಿಸಿದವರು ಅವರು. ಮೂಸದೆ ಹಣ್ಣು ಮುಟ್ಟುವುದಿಲ್ಲ. ದೇವರಿಗೆ ಕಾಯಿ ತಿನ್ನಿಸಬಾರದು ಎನ್ನುತ್ತಾರೆ.

ಕಳೆದ ತಿಂಗಳು ಹೆಮ್ಮೆಯಿಂದ ನಮ್ಮ ಹಣ್ಣಿನ ಒಂದು ಚಿಪ್ಪನ್ನು ಅವರ ಕೈಗೆ ಕೊಟ್ಟೆ. ಆಮೇಲೆ ವರದಿ, ಮೀಟಿಂಗು ಎಂದು ಓಡಾಡುತ್ತಾ ಅದನ್ನು ಮರೆತೇಬಿಟ್ಟೆ. ಅಮ್ಮ ದಿನಾ ಬೆಳಿಗ್ಗೆ ಅದನ್ನು ಮೂಸಿ ಮತ್ತೆ ಬುಟ್ಟಿಗೆ ಇಡುತ್ತಿದ್ದರಂತೆ. ಒಂದು ಸೋಮವಾರ ಬರೀ ಹಾಲು ಕುಡಿದರು. ಎರಡನೆಯದಕ್ಕೂ ಅಷ್ಟೇ. ಬೇರೆ ಹಣ್ಣು ತರುತ್ತೇನೆಂದ ನನ್ನ ಹೆಂಡತಿಗೆ, ಮಗ ಮಾಡಿದ ಹಣ್ಣು ಮನೆಯಲ್ಲಿರುವಾಗ ಬೇರೆಯದು ಯಾಕೆ ಎಂದರಂತೆ. ಮೂರನೆಯ ಸೋಮವಾರ ತೊಟ್ಟು ಬೂಸ್ಟು ಹಿಡಿದಿತ್ತು. ಅಮ್ಮ ನನ್ನನ್ನು ಕರೆದು ಮೆತ್ತಗೆ ಹೇಳಿದರು:

“ನಿನ್ನ ಹಣ್ಣು ಹಣ್ಣಾಗ್ದೆ ಕೊಳ್ತು ಹೋಯ್ತಲ್ಲೋ ಗೌರೀಶ.”

ಸಭಿಕರೇ, ನನಗೆ ಬಹಳ ನಾಚಿಕೆಯಾಯಿತು. ನಾವು ನಿಧಾನಗೊಳಿಸಿದ ಸೂಚನೆಯಿಂದಲೇ ಹಣ್ಣಿಗೆ ಘಮವೂ ಬರುವುದು. ಅದು ಪುಸ್ತಕದಲ್ಲಿದೆ, ನಾನೇ ಪಾಠ ಮಾಡಿದ್ದೇನೆ. ಫಾರಮ್ಮಿನಲ್ಲಿ ಕೇಳಲಿಲ್ಲ, ಆದ್ದರಿಂದ ಯಾರೂ ಹೇಳಲಿಲ್ಲ.

ತಳಿಯ ಬಿಡುಗಡೆಗೆ ನಾಳೆ ಹೋಗಬೇಕಿದ್ದ ಅರ್ಜಿ ಹೋಗುವುದಿಲ್ಲ. ಮಾಗುವ ಸೂಚನೆಯನ್ನು ಮುಟ್ಟದೆ, ಹಣ್ಣನ್ನು ಮೆತ್ತಗಾಗಿಸುವ ವಂಶವಾಹಿಯನ್ನು ಮಾತ್ರ ತಿದ್ದೋಣ ಎನ್ನುವುದು ಯಶಶ್ರೀಯ ಯೋಚನೆ. ಹದಿನೆಂಟು ದಿನ ಸಿಗದಿರಬಹುದು, ಹತ್ತು ಸಿಕ್ಕೀತು. ಇನ್ನೂ ಐದಾರು ವರ್ಷ ಬೇಕು. ಬರುವ ಮಾರ್ಚಿಗೆ ನನ್ನ ನಿವೃತ್ತಿ. ಆ ತಳಿಯ ಮೇಲೆ ಇರುವುದು ಆಕೆಯ ಹೆಸರು. ನೋವಾಗುತ್ತಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಯಶಶ್ರೀ, ಅಲ್ಲಿ ಹಿಂದೆ ಕೂತಿದ್ದೀಯ, ಅವತ್ತು ನಕ್ಕಿದ್ದಕ್ಕೆ ಕ್ಷಮಿಸಮ್ಮ.

ಅಧ್ಯಕ್ಷರೇ, ಶಾಲು ನಿಮ್ಮ ಬೀರುವಿನಲ್ಲೇ ಇರಲಿ, ಮುಂದೆ ಆಕೆಗೆ ಹೊದಿಸಿ. ಆದರೆ ಈ ಹಣ್ಣಿನ ಬುಟ್ಟಿಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಇದರಲ್ಲಿರುವುದು ಎಂಟನೇ ಕ್ರಾಸಿನ ಮಾಮೂಲಿ ಏಲಕ್ಕಿ ಬಾಳೆ, ನಾಳೆಗೆ ಕಪ್ಪಾಗುವಂಥದ್ದು. ಇವತ್ತು ಸೋಮವಾರ. ನಾನು ಇಲ್ಲಿ ನಿಂತಾಗಿನಿಂದ ನೋಡುತ್ತಿದ್ದೇನೆ, ಎರಡನೆಯ ಸಾಲಿನಲ್ಲಿರುವ ಅಮ್ಮ ಮುಖವನ್ನು ಮೈಕಿನ ಕಡೆಗಲ್ಲ, ಈ ಬುಟ್ಟಿಯ ಕಡೆಗೇ ತಿರುಗಿಸಿ ಕೂತಿದ್ದಾರೆ.

ಇಷ್ಟು ಹೊತ್ತು ನನ್ನ ಮಾತನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಕೆಳಗಿಳಿದು ಅಮ್ಮನಿಗೆ ಹಣ್ಣು ಕೊಡಬೇಕು. ನಮಸ್ಕಾರ.