ತಪ್ಪಿದ ಎಳೆ

ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಣಿತದ ಟೀಚರೊಬ್ಬಳು ನೆರೆಮನೆಯ ಹೆಂಗಸಿನೊಂದಿಗೆ ಕುಳಿತಿದ್ದಳು. ಹೆಂಗಸಿನ ತೊಡೆಯ ಮೇಲೆ ಅರ್ಧ ಕಸೂತಿ ಹಾಕಿದ ಸೀರೆಯ ಗಂಟು.

"ಏಳನೇ ಇಯತ್ತೆಯೊಳಗ ಲೆಕ್ಕಕ್ಕ ನಪಾಸಾಗಿ ಸಾಲಿ ಬಿಟ್ಟಾಕಿ ನಾನು. ಅಂಥಾಕೀನ ನಿನ್ನ ಲೆಕ್ಕದ ತಾಸಿಗೇ ಕರಕೊಂಡು ಹೊಂಟೀಯಲ್ಲ ಮಹೆಕ, ಹುಚ್ಚೇನು ನಿನಗ?"

"ಸತ್ಯವ್ವಕಾಕು, ಎಳಿ ಎಣಿಸಿ ಸೀರಿ ಮ್ಯಾಲೆ ಗೋಪುರಾ ಹಾಕ್ತೀರಲ್ಲ, ಅದೂ ಲೆಕ್ಕಾನ ರೀ. ಆಫ್ರಿಕಾದಾಗ ಒಂದು ಕಡೆ ಉಸುಕಿನ ಮ್ಯಾಲೆ ಬೆರಳು ಎತ್ತಲಾರದಂಗ ಚಿತ್ರಾ ತಗೀತಾರ. ನಿನ್ನೆ ಮಕ್ಕಳಿಗೆ ಅದನ್ನ ತೋರಿಸೇನಿ. ಇವತ್ತು ನಿಮ್ಮ ಸೂಜಿ."

"ಅವರೂ ನನ್ನ ಸೂಜಿಯಂಗ ಹೊಂಟಲ್ಲಿಗೇ ತಿರುಗಿ ಬರ್ತಾರೇನು?"

"ಹೂಂರಿ, ನಿಮ್ಮಂಗ. ಅಲ್ಲಿ ಗಂಡಸ್ರು ತಗೀತಾರ."

"ಗಂಡಸ್ರಿಗೆ ಅಷ್ಟು ತಾಳ್ಮಿ ಐತೇನು!"

ಇಬ್ಬರೂ ನಕ್ಕರು.

"ಖರೇ ಹೇಳು, ಹುಡುಗೂರ ಮುಂದ ಎಳಿ ತಪ್ಪಿದ್ರ?"

"ಮನ್ಯಾಗ ತಪ್ಪಿದ್ರ ಏನು ಮಾಡ್ತೀರಿ?"

"ತಪ್ಪಿದಲ್ಲೀ ತನಾ ಬಿಚ್ಚಿ ಮತ್ತ ಹಾಕ್ತೇನಿ."

"ಮೊದಲು ಅದನ್ನ ತೋರಿಸ್ರಿ. ನಮ್ಮ ಹುಡುಗೂರು ಲೆಕ್ಕಾ ತಪ್ಪಿದ್ರ ಹಾಳೀನ ಹರೀತಾವು."

ಸತ್ಯವ್ವ ತೊಡೆಯ ಮೇಲಿನ ಗಂಟನ್ನು ಬಿಗಿಮಾಡಿದಳು.

"ನನ್ನ ಹಾಳಿ ಮಾಸ್ತರು ಹರದಿದ್ರು."

ರಾಯಾಪುರ ಬಂತು. ಗಂಟು ಹಿಡಿಯಲು ಮಹೆಕ ಕೈ ಚಾಚಿದಳು. ಸತ್ಯವ್ವ ಕೊಡಲಿಲ್ಲ, ತಾನೇ ಎತ್ತಿಕೊಂಡು ಟೀಚರಿಗಿಂತ ಮುಂಚೆ ಇಳಿದಳು.