ಎರಡು ಗಂಟೆಯ ರೀಡಿಂಗು

...ಅಲ್ಲ ಧಾತ್ರಿ, ಕಂಪ್ಯೂಟರ್ ಆಫ್ ಆದ್ರೆ ನನ್ನ ಮುಖ ಯಾಕೆ ನೋಡ್ತೀಯ? ನಿಮ್ಮಪ್ಪ ಏನು ಆ ಮೆಷೀನೊಳಗೆ ಹೋಗಿ ಕೂತಿದ್ದಾನಾ? ಮತ್ತೆ ಆನ್ ಮಾಡು. ಮೂರು ಸಲ ಆಯ್ತು, ಗೊತ್ತು. ನಾಲ್ಕನೇ ಸಲ ಮಾಡು. ಈಗಿನ್ನೂ ಮೂರೂವರೆ. ಆರು ಗಂಟೆ ತನಕ ಕಾಯ್ತೀನಿ ಅಂದಿದ್ದಾನಲ್ಲ ಆ ಥಾಣೆ ಊರಿನ ಬಿಲ್ಡರ್ರು. ಮೂರು ನಿಮಿಷದ ಪಿಕ್ಚರಲ್ಲಿ ಕೊನೇ ಇಪ್ಪತ್ತು ಫ್ರೇಮು ತಾನೆ ಉಳಿದಿರೋದು? ಇನ್ನೂ ಕಟ್ಟದೇ ಇರೋ ಬಿಲ್ಡಿಂಗೊಳಗೆ ಓಡಾಡಿದ ಹಾಗೆ ತೋರ್ಸೋದು...

ಹೂಂ, ನಂಗೂ ಗೊತ್ತಮ್ಮ. ನೌಕರಿ ಬಿಟ್ಟು ಸ್ವಂತ ಅಂತ ಹಿಡಿದಿರೋ ಮೊದಲನೇ ಕೆಲಸ. ಇವತ್ತು ಕೊಡ್ಲಿಲ್ಲ ಅಂದ್ರೆ ಅವನು ಬೇರೆಯವರನ್ನ ನೋಡ್ಕೋತಾನೆ, ನಿನ್ನ ಹೆಸರೂ ಕೆಡುತ್ತೆ. ನಿನ್ನೆಯಿಂದ ನೀನು ಸರಿಯಾಗಿ ನೀರೂ ಕುಡಿದಿಲ್ಲ.

ಪೆಡೆಸ್ಟಲ್ ಫ್ಯಾನ್ ತರ್ಲಾ? ಮುಚ್ಚಳ ತೆಗೆದು ಗಾಳಿ ಬಿಟ್ರೆ... ಮಾಡಿ ನೋಡಿದ್ಯಾ. ಸರಿ.

ಏನದು ಕೈಲಿ? ಓ... ನನ್ನ ಕಾಗದ. ಇಟ್ಕೊಂಡಿದ್ದೀಯಾ ಇನ್ನೂ.

ನೋಡು, ಸ್ಕೇಲಿಟ್ಟು ಗೆರೆ ಹಾಕಿದ್ದು. ಈ ಕಡೆ ಡೆಸ್ಕ್‌ಟಾಪ್ ಪ್ರೊಸೆಸರು, ಆ ಕಡೆ ದಿನಗಟ್ಟಲೆ ನಿಲ್ಲದೆ ದುಡಿಯೋ ವರ್ಕ್‌ಸ್ಟೇಷನ್‌ದು. ಎರಡಕ್ಕೂ ಒಂದೇ ಕೆಲಸ ಕೊಟ್ಟು, ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ, ಗಂಟೆಗೊಂದು ಸಲ ಟೆಂಪರೇಚರ್ ಎಷ್ಟು, ಒಂದು ಫ್ರೇಮಿಗೆ ಎಷ್ಟು ನಿಮಿಷ, ಬರೀಬೇಕು ಅಂತ ನೀನು ಹೇಳಿದ್ದೆ. ನಿನ್ನ ಜೊತೆ ಕೆಲಸ ಮಾಡ್ತಿದ್ದ ಅಚಿಂತ್ಯ ಪಾಪ, ಆ ಹಳೇ ಆಫೀಸಿಂದ ಎರಡೂ ಮೆಷೀನನ್ನ ಒಂದೇ ದಿನಕ್ಕೆ ಅಂತ ಟ್ಯಾಕ್ಸೀಲಿ ಹೊತ್ಕೊಂಡು ಬಂದಿದ್ದ. ನಿಂಗೆ ಮೀಟಿಂಗಿತ್ತು. ಅಪ್ಪಾ, ನೀನೇ ನೋಡ್ಕೋ ಅಂದೆ. ರಿಟೈರಾಗಿ ನಾಲ್ಕು ವರ್ಷದಲ್ಲಿ, ಹಾಲು ತರೋದೊಂದು ಬಿಟ್ಟು, ಈ ಮನೇಲಿ ನಂಗೆ ಯಾರಾದ್ರೂ ಒಂದು ಕೆಲಸ ಹೇಳಿದ್ದು ಅವತ್ತೇ.

ಬರೆದಿದೆಯಲ್ಲ ಸ್ಪಷ್ಟವಾಗಿ. ಡೆಸ್ಕ್‌ಟಾಪ್‌ಗೆ ಫ್ರೇಮಿಗೆ ನಾಲ್ಕು ನಿಮಿಷ, ವರ್ಕ್‌ಸ್ಟೇಷನ್‌ಗೆ ಆರು. ಡೆಸ್ಕ್‌ಟಾಪ್ ಟೆಂಪರೇಚರು ಸಂಜೆ ತನಕ ಎಂಬತ್ತೊಂದು, ಎಂಬತ್ತೆರಡು, ಎಂಬತ್ತೆರಡು, ಎಂಬತ್ತೊಂದು. ಇದನ್ನ ನೋಡಿ ತಾನೆ ನೀನು ಡೆಸ್ಕ್‌ಟಾಪ್ ತಗೊಂಡಿದ್ದು? ಈಗ ಅದು ತೊಂಬತ್ತು ದಾಟಿ, ಏದುಸಿರು ಬಿಟ್ಟು ಮಲಗಿದ್ರೆ ನಾನೇನು ಮಾಡ್ಲಿ? ಪಶ್ಚಿಮದ ಗೋಡೆ, ಎರಡು ಗಂಟೆ ಮೇಲೆ ಬಿಸಿಲು ಬೀಳುತ್ತೆ, ಅಸಲಿ ಪರೀಕ್ಷೆ ಆಮೇಲೇನೇ ಅಪ್ಪಾ ಅಂತ ನೀನು ಹೇಳಿ ಹೋಗಿದ್ದು ನೆನಪಿದೆ ನಂಗೆ. ಹಾಗಂತ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಕುಂಬಳಕಾಯಿ ಕದ್ದಿದ್ದೀನಾ?

ಮೂವತ್ತನಾಲ್ಕು ವರ್ಷ ಪ್ಲಾಂಟಲ್ಲಿ ಮೀಟರ್ ಓದಿದವನು ಕಣೆ. ಇಡೀ ಚೆಂಬೂರಲ್ಲಿ ಯಾರನ್ನಾದ್ರೂ ಕೇಳು, ಶಾಮಣ್ಣನ ರೀಡಿಂಗ್ ಅಂದ್ರೆ...

ಅವತ್ತು ಬುಧವಾರ. ನಿಮ್ಮಮ್ಮ ಸಾಂತಾಕ್ರೂಜ್‌ಗೆ ಚಿಕ್ಕಮ್ಮನ ಮನೆಗೆ ಹೋಗಿದ್ಲು. ನಾನೊಬ್ಬನೇ. ಈ ಕುರ್ಚಿ ಬಿಟ್ಟು ಏಳಲಿಲ್ಲ, ಮೊಸರನ್ನ ಇಲ್ಲೇ ಕೂತು ತಿಂದೆ. ಎರಡು ಗಂಟೆ, ಮೂರು ಗಂಟೆ... ಮೇ ತಿಂಗಳ ಬೇಗೆ, ತಲೆ ಮೇಲೆ ಫ್ಯಾನೂ ನಿಂತೋಗಿತ್ತು, ಬನಿಯನ್ ಹಿಂಡಿದ್ರೆ ನೀರು ಸುರೀತಿತ್ತು. ಆದ್ರೂ ಅಲ್ಲಾಡಲಿಲ್ಲ ನಾನು. ಮಗಳ ಕೆಲಸ ಅಂತ...

ಯಾಕೆ ಮೇಲೆ ನೋಡ್ತೀಯ?

ಫ್ಯಾನಾ? ಅದು... ಅದನ್ನ ನಾನೇ ಆಫ್ ಮಾಡಿದ್ದೆ. ಕಾಗದ ಹಾರುತ್ತೆ ಅಂತ. ಈಗ ಫೋನಲ್ಲಿ ಏನು ಹುಡುಕ್ತೀಯ? ನಮ್ಮ ಬಿಲ್ಡಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಾ? ನೀನು ಅದನ್ನ ನೋಡೋದೇ ಇಲ್ವಲ್ಲ... ನನ್ನ ಕನ್ನಡಕ ಒಳಗಿದೆ. ನೀನೇ ಓದು. ಓದಲ್ವಾ.

ಹಿಡಿ ಇತ್ತ, ಸ್ವಲ್ಪ ದೂರಕ್ಕೆ ಹಿಡಿದ್ರೆ ಕಾಣುತ್ತೆ. ಬುಧವಾರ... ಕೇಬಲ್ ರಿಪೇರಿ... ಒಂದೂವರೆಯಿಂದ ನಾಲ್ಕೂವರೆ ತನಕ ಬಿಲ್ಡಿಂಗಿಗೆ ಲೈಟ್ ಇರೋದಿಲ್ಲ.

ಹೂಂ.

ನಿದ್ದೆ ಬಂದ್ಬಿಡ್ತು ಪುಟ್ಟಿ. ಊಟ ಆದ್ಮೇಲೆ ಹಾಗೇ ಒರಗಿದೆ. ಸೆಕೆಗೆ ಎಚ್ಚರ ಆದಾಗ ಎರಡೂ ಪರದೆ ಕಪ್ಪಾಗಿ ನಿಂತಿದ್ವು. ಲೈಟ್ ಬಂದ್ಮೇಲೆ ಅದನ್ನ ಮತ್ತೆ ಶುರು ಮಾಡೋದು ಹೇಗೆ ಅಂತ ಗೊತ್ತಾಗ್ಲಿಲ್ಲ ನಂಗೆ. ಫೋನ್ ಕೈಗೆ ತಗೊಂಡೆ, ನಿನ್ನ ನಂಬರೂ ತೆಗೆದೆ. ಒಂದೇ ಒಂದು ಕೆಲಸ ಹೇಳಿದ್ದು, ಅದನ್ನೂ ಮಾಡಕ್ಕಾಗ್ಲಿಲ್ಲ ಅಂತ ಹೇಗೆ ಹೇಳ್ಲಿ ಅನ್ನಿಸ್ತು. ಕೆಳಗಿಟ್ಟುಬಿಟ್ಟೆ.

ಒಂದು ಗಂಟೆ ತನಕ ಬರೆದಿರೋದೆಲ್ಲ ಸತ್ಯ. ನಾಲ್ಕೂ ಸಲ ನೋಡೇ ಬರೆದೆ, ನಿನ್ನಾಣೆ. ಆಮೇಲಿಂದು... ಪ್ಲಾಂಟಲ್ಲಿ ನಾವು ಹಾಗೇ ಮಾಡ್ತಿದ್ವಿ ಕಣೆ. ಮೂರು ಸಲ ಒಂದೇ ಅಂಕಿ ಬಂತು ಅಂದ್ರೆ ನಾಲ್ಕನೇದಕ್ಕೆ ಯಾರೂ ಮೆಟ್ಟಿಲಿಳಿದು ಹೋಗ್ತಿರಲಿಲ್ಲ. ಕೂತಲ್ಲೇ ಚಾ ಕುಡೀತಾ ರೀಡಿಂಗ್ ಬರೆಯೋ ಲಾಗ್‌ಶೀಟ್ ತುಂಬಿಸೋದು. ಎಲ್ಲರೂ ತುಂಬಿಸ್ತಿದ್ರು. ಒಂದು ದಿನಾನೂ ಏನೂ ಆಗ್ಲಿಲ್ಲ. ಆಗಲ್ಲ ಅಂದ್ಕೊಂಡೆ.

ಏನಾದ್ರೂ ಅನ್ನು ಧಾತ್ರಿ. ಬೈಯಿ. ನಿಮ್ಮಮ್ಮನ ಹಾಗೆ ಪಾತ್ರೆ ಕುಕ್ಕು.

ಅಚಿಂತ್ಯನಿಗೆ ಫೋನ್ ಮಾಡ್ಲಾ? ಆ ವರ್ಕ್‌ಸ್ಟೇಷನ್ ಒಂದಿನಕ್ಕೆ ಮತ್ತೆ ಕೊಡು ಅಂತ ಕೇಳ್ತೀನಿ, ಬೇಕಾದ್ರೆ ಕಾಲು ಹಿಡ್ಕೋತೀನಿ... ಹೌದು. ಬಂದು ಸೇರೋ ಹೊತ್ತಿಗೆ ಆರಾಗುತ್ತೆ.

ಆನ್ ಮಾಡಿದ್ಯಾ? ಒಳ್ಳೇದು. ನಾನು ಇಲ್ಲೇ ಪಕ್ಕದಲ್ಲಿ ಕೂತ್ಕೋತೀನಿ, ಮಾತಾಡಲ್ಲ. ಆ ಮೂಲೇಲಿ ಕಾಣೋ ಅಂಕಿ ತಾನೆ ಟೆಂಪರೇಚರು? ತಡಿ, ಕನ್ನಡಕ ತರ್ತೀನಿ... ಹಾಂ. ಈಗ ಸರಿಯಾಗಿ ನೋಡಿ ಹೇಳ್ತೀನಿ. ತೊಂಬತ್ತೊಂದು. ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ, ತೊಂಬತ್ತೊಂದು.

ಪೆನ್ನು ಅಲ್ಲೇ ಇದೆ ನೋಡು. ಬರ್ಕೋ ಪುಟ್ಟಿ.

ಬರ್ಕೊಳ್ಳಲ್ವಾ?