ಬೆಲ್ಟಿನ ಹಾಡು

"ಹಲೋ... ಹಾಂ, ಹಲೋ? ಯಾರು ಮಾತಾಡ್ತಿರೋದು?"

ಬಲಗೈಯಲ್ಲಿ ಮಚ್ಚು, ಎಡಗೈ ಕೆಳಗೆ ಅರ್ಧ ಕಡಿದ ಕೋಳಿ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಅವಳು ಕತ್ತು ಓರೆ ಮಾಡಿದ್ದಳು. ರಜಾದಿನದ ಬೆಳಿಗ್ಗೆ ಕೋಳಿ ಅಂಗಡಿಯಲ್ಲಿ ಕೈ ನಿಲ್ಲಿಸುವಂತಿಲ್ಲ. ಕೈ ನಿಂತರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಬಾಯಿಗಳು ಶುರುವಾಗುತ್ತವೆ.

"ಅಮ್ಮನಾ? ... ಇದ್ಯಾರ ನಂಬರು? ... ಅಣ್ಣನ ಹೊಸ ಫೋನಾ. ಓಹೋ. ಏನು, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ, ನೀನಾಗೇ ಫೋನ್ ಮಾಡಿದೀಯ?"

...

"ಕೆಲಸದಲ್ಲೇ ಇದೀನಿ. ಪರವಾಗಿಲ್ಲ, ಹೇಳು. ಯಾವ ಸದ್ದು? ಇದಾ? ಕೋಳಿ ಕಡೀತಿದೀನಮ್ಮ. ಇನ್ನೇನು, ನಿನ್ನ ಮಗಳು ಬ್ಯಾಂಕಲ್ಲಿ ಕೂತು ಠಸ್ಸೆ ಒತ್ತುತಾಳೆ ಅಂದ್ಕೊಂಡ್ಯಾ?"

...

"ಹೌದು, ಇವತ್ತು ಸಂಜೆನೇ. ನಿಂಗ್ಯಾರು ಹೇಳಿದ್ರು? ... ಗೋಡೆಗೆ ಪೋಸ್ಟರ್ ಅಂಟಿಸಿದಾರಾ? ನನ್ನ ಫೋಟೋನೂ ಇದೆಯಾ? ಚೆನ್ನಾಗಿ ಬಂದಿದೆಯಾ? ... ಸರಿ, ಸರಿ. ಬೈಬೇಡ. ಸುಮ್ನೆ ಕೇಳ್ದೆ."

ಗ್ರಂಥಾಲಯದ ಮಹಡಿಯ ಮೇಲೊಂದು ಹಾಲ್ ಇತ್ತು. ತಿಂಗಳಿಗೊಂದು ಸಂಜೆ, ತಾವೇ ಹಾಡು ಕಟ್ಟಿ ತಾವೇ ಹಾಡುವವರು ಅಲ್ಲಿ ಸೇರುತ್ತಿದ್ದರು. ನರ್ಸು, ಬಸ್ಸಿನ ಡ್ರೈವರು, ಅಂಚೆ ಕಚೇರಿಯ ಗುಮಾಸ್ತೆ. ಯಾರೂ ಹೊಟ್ಟೆಪಾಡಿಗೆ ಹಾಡುವವರಲ್ಲ. ಅವಳು ಅಲ್ಲಿಗೆ ಹೋಗಲು ಶುರುಮಾಡಿದ್ದು ಅಪ್ಪ ಸತ್ತ ವರ್ಷ. ಅವಳ ಹಾಡುಗಳೆಲ್ಲ ಕೋಳಿ ಕಡಿಯುವ ಈ ಮರದ ಕೊರಡಿನ ಮುಂದೆಯೇ ಹುಟ್ಟಿದವು; ಮಚ್ಚು ಬೀಳುವ ಲಯವೇ ತಾಳ, ಮನೆಗೆ ಹೋದಮೇಲೆ ಗಿಟಾರು. ಅಪ್ಪನ ಏಟುಗಳ ಮೇಲೆ ಕಟ್ಟಿದ ಬೆಲ್ಟಿನ ಹಾಡನ್ನು ಮೊದಲ ಸಲ ಹಾಡಿದ ಸಂಜೆ ಎರಡನೇ ಚರಣ ಮುಗಿಯುವ ಮುಂಚೆಯೇ ಅಣ್ಣ ವೇದಿಕೆ ಹತ್ತಿ ಬಂದಿದ್ದ. ಕಪಾಳಕ್ಕೆ ಹೊಡೆದ. ಗಿಟಾರು ಕಿತ್ತುಕೊಂಡು ಅದರಿಂದಲೇ ಅವಳ ಹೆಗಲಿಗೆ ಬಾರಿಸಿದ. ಮರ ಸೀಳಿತೋ ಮೂಳೆ ಸೀಳಿತೋ ಮುಂದಿನ ಸಾಲಿನವರಿಗೆ ಆ ಕ್ಷಣ ಗೊತ್ತಾಗಲಿಲ್ಲ. ಎರಡೂ ಸೀಳಿದ್ದವು. ಅಮ್ಮ ಆಸ್ಪತ್ರೆಗೆ ಬಂದು ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು: ನನ್ನ ಯಜಮಾನರು ದೇವರಂಥವರು, ಇವಳು ಕಟ್ಟಿದ್ದೆಲ್ಲ ಸುಳ್ಳು.

ಅಲ್ಲಿಂದೀಚೆಗೆ ಅವಳು ನಾಲ್ಕು ಜನರ ಮುಂದೆ ಗುನುಗಿಯೂ ಇರಲಿಲ್ಲ. ಹಾಲ್ ನೋಡಿಕೊಳ್ಳುವ ಮೇಷ್ಟ್ರು ಬಿಡದೆ ಬೆನ್ನುಹತ್ತಿ ಈ ಸಲ ಒಪ್ಪಿಸಿದ್ದರು.

"ಯಾವ ಹಾಡು ಅಂದ್ರೆ? ... ಬಾಯ್ಬಿಟ್ಟು ಹೇಳಮ್ಮ, ಬೆಲ್ಟಿನ ಹಾಡು ಅಂತ. ಅಪ್ಪ ಮಣ್ಣಾಗಿ ಹೋದ್ರು, ಅವರ ಬೆಲ್ಟಿನ ಹೆಸರೆತ್ತೋಕೆ ಇನ್ನೂ ನಡುಗ್ತೀಯಲ್ಲ."

...

"ಹೌದು, ಅದನ್ನೇ ಹಾಡ್ತೀನಿ. 'ಕಟ್ಟೋದು ಯಾರ ಸೊಂಟಕೆ, ಬೀಳೋದು ಯಾರ ಬೆನ್ನಿಗೆ'... ಅದೇ. ಯಾರ ಬೆನ್ನು ಅಂತ ಹಾಡಲ್ಲಿ ಎಲ್ಲೂ ಹೇಳಿಲ್ವಲ್ಲ. ನಿಂಗ್ಯಾಕೆ ಉರಿ?"

...

"ಏನಂದೆ? ಇನ್ನೊಂದ್ಸಲ ಹೇಳು. 'ಸತ್ತವರ ಹೆಸರಿಗೆ ಕಳಂಕ'? ... ಅಮ್ಮಾ, ಇದು ನಿನ್ನ ಮಾತಲ್ಲ. ಕಳಂಕ ಗಿಳಂಕ ಅನ್ನೋಳಾ ನೀನು? ಯಾರೋ ಹೇಳಿಕೊಟ್ಟಿದ್ದನ್ನ ಒಪ್ಪಿಸ್ತಿದೀಯ."

...

"ಒಂದು ನಿಮಿಷ ಇರಿ ಮೇಡಂ. ಹಾಂ, ಚರ್ಮ ತೆಗೆದೇ ಕೊಡ್ತೀನಿ. ... ನಿಂಗಲ್ಲಮ್ಮ, ಇಲ್ಲಿ ಗಿರಾಕಿಗೆ ಅಂದಿದ್ದು. ನೀನು ಮಾತಾಡ್ತಿರು. ಏನಾದ್ರೂ ಮಾತಾಡು, ಕೇಳಿಸ್ಕೊತೀನಿ."

ಅವಳು ಮಚ್ಚು ಕೆಳಗಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡಳು. ರಕ್ತ ಹತ್ತಿದ ಕೈಯೆಂಬುದೂ ನೆನಪಿರಲಿಲ್ಲ.

"ಬಾಯಿಗೇನಾಗಿದೆ ನಿಂಗೆ? ... ಹಲ್ಲು ನೋವಾ? ಯಾವ ಹಲ್ಲು? ... ಸುಳ್ಳು. ತುಟಿ ಕೂಡ್ತಿಲ್ಲ. ಮೇಲಿನದೋ ಕೆಳಗಿನದೋ, ಊದ್ಕೊಂಡಿದೆ. ನಂಗೆ ಕೇಳಿಸಲ್ವಾ?"

ಕೇಳಿಸದೇ ಇರುತ್ತದೆಯೇ. ಚಿಕ್ಕವಳಿದ್ದಾಗ ಅಡುಗೆಮನೆಯಿಂದ ಅಮ್ಮ ತಿಂಡಿಗೆ ಕರೆದ ಧ್ವನಿಯಲ್ಲೇ ಹಿಂದಿನ ರಾತ್ರಿ ಏಟು ಬಿದ್ದದ್ದು ದವಡೆಗೋ ಪಕ್ಕೆಗೋ ಎಂದು ಅವಳಿಗೆ ತಿಳಿಯುತ್ತಿತ್ತು. ಪಕ್ಕೆಗೆ ಬಿದ್ದಿದ್ದರೆ ಮಾತಿನ ಕೊನೆಯಲ್ಲಿ ಉಸಿರು ಉಳಿಯುತ್ತಿರಲಿಲ್ಲ. ಶ್ರುತಿ ಹಿಡಿಯುವುದನ್ನು ಅವಳು ಕಲಿತದ್ದೇ ಹಾಗೆ.

"ಅಮ್ಮಾ, ಮೆತ್ತಗೆ ಹೇಳ್ತೀನಿ, ಕೇಳು. ನನ್ನ ಮಾತು ಅಣ್ಣನಿಗೆ ಕೇಳಿಸದೇ ಇದ್ರೆ 'ಊಟ ಮಾಡು' ಅನ್ನು."

...

"ಹಾಂ. ಮಾಡ್ತೀನಿ. ಅಣ್ಣ ಪಕ್ಕದಲ್ಲೇ ನಿಂತಿದಾನಾ? ಹೌದಾದ್ರೆ ಮತ್ತೆ ಅದನ್ನೇ ಅನ್ನು."

...

"ಆಯ್ತು, ಮಾಡ್ತೀನಮ್ಮ ಊಟ. ... ಅವನೇನಾ ಹೊಡೆದಿದ್ದು?"

...

"ಹೊತ್ತಿಗೆ ಸರಿಯಾಗಿ ಮಾಡ್ತೀನಿ, ಆಯ್ತಾ. ... ಬೆಲ್ಟಿಂದಾ? ಅಪ್ಪನದೇನಾ? ... ಅಮ್ಮಾ? ಅಳಬೇಡ, ಅತ್ರೆ ಅವನಿಗೆ ಗೊತ್ತಾಗುತ್ತೆ. 'ಊಟ ಮಾಡು', ಅಷ್ಟೇ ಅನ್ನು. ಎರಡೇ ಮಾತು."

...

"ಹಾಂ. ಮಾಡ್ತೀನಿ."

ಅವಳು ಮಚ್ಚೆತ್ತಿ ಬೀಸಿದಳು. ಏಟು ಕೋಳಿಯ ಮೇಲೆ ಬೀಳಲಿಲ್ಲ. ಅಲಗು ಮರದೊಳಗೆ ಅರ್ಧ ಇಳಿದು ನಿಂತಿತು. ಸಾಲಿನಲ್ಲಿ ಮುಂದಿದ್ದ ಹೆಂಗಸು ಹಿಂದೆ ಸರಿದಳು. ಕೀಲು ಎಲ್ಲಿ ಬಿಡುತ್ತದೆ ಎಂದು ಅವಳ ಕೈಗೆ ಗೊತ್ತು. ಮೊಣಕೈ, ಮಣಿಕಟ್ಟು, ಮೊಣಕಾಲಿನ ಹಿಂಭಾಗ. ಕೋಳಿಗೂ ಮನುಷ್ಯನಿಗೂ ಗಾತ್ರದಲ್ಲಷ್ಟೇ ವ್ಯತ್ಯಾಸ. ಅಣ್ಣನ ಬಲಗೈಯನ್ನು ಈ ಕೊರಡಿನ ಮೇಲೆ ಚಾಚಿಸಿ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದೇ ಏಟು ಸಾಕಿತ್ತು. ಆಮೇಲೆ ಅಮ್ಮ ಮತ್ತೆ ಪೊಲೀಸರ ಮುಂದೆ ನಿಂತು, ನನ್ನ ಮಗ ದೇವರಂಥವನು ಎನ್ನುವುದು ಕಣ್ಣಿಗೆ ಕಟ್ಟಿತು. ಮಚ್ಚಿನ ಹಿಡಿ ಬಿಟ್ಟಳು.

"ಅವನು ಕೆಲಸಕ್ಕೆ ಹೋದಾಗ ಎದ್ದು ಬಂದ್ಬಿಡು. ನನ್ನ ರೂಮು ಗೊತ್ತಲ್ವಾ... ಆಗಲ್ವಾ? ... ಕೆಲಸ ಬಿಟ್ನಾ? ಮತ್ತೆ ಇಡೀ ದಿನ ಮನೇಲೇ ಇರ್ತಾನಾ? ... ಅಂಗಡಿಗೂ ಹೋಗಲ್ವಾ? ಎಲ್ಲಿಗೂ? ... ಹಾಂ, ಮಾಡ್ತೀನಿ, ಮಾಡ್ತೀನಿ."

...

"ಹಲೋ? ಅಮ್ಮಾ? ... ಓ. ಅಣ್ಣ. ನೀನೇ ತಗೊಂಡ್ಯಾ. ... ಏನಿಲ್ಲ, ಊಟ ಮಾಡು ಊಟ ಮಾಡು ಅಂತಿದ್ಲು. ತಾಯಿ ಅಲ್ವಾ, ಹೊಟ್ಟೆದೇ ಚಿಂತೆ."

...

"ಬೆರಳು ಮುರೀತೀಯಾ? ಯಾವುದನ್ನ ಮೊದಲು? ... ಎಡಗೈದಾ? ಸರಿಯಾಗೇ ತಿಳ್ಕೊಂಡಿದೀಯ. ತಂತಿ ಒತ್ತೋದು ಎಡಗೈನೇ."

...

"ಬೈಯಿ, ಬೈಯಿ. ನಿನ್ನ ಬಾಯಿ, ನಿನ್ನ ನಾಲಿಗೆ. ಅಪ್ಪನಿಗೆ ಇದಕ್ಕಿಂತ ಚೆನ್ನಾಗಿ ಬೈಯೋಕೆ ಬರ್ತಿತ್ತು ಬಿಡು."

ಅವನು ಕಿರುಚುತ್ತಿದ್ದ. ಅವಳು ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದಳು. 'ಹಾಡಲ್ಲ ಬಿಡು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವನು ಗೆದ್ದೆನೆಂದುಕೊಂಡು ಮನೆಯಲ್ಲೇ ಉಳಿಯುತ್ತಾನೆ. ಅಮ್ಮನ ಜೊತೆ, ಬಾಗಿಲು ಹಾಕಿಕೊಂಡು. ಅವಳು ಆ ಮಾತನ್ನು ನುಂಗಿದಳು.

"ಆಯ್ತಾ ನಿಂದು? ಈಗ ನಂದು ಕೇಳು. ಅದನ್ನೇ ಹಾಡ್ತೀನಿ. ಒಂದು ಚರಣ ಹೊಸದಾಗಿ ಸೇರಿಸಿದೀನಿ. ನಿನ್ನ ಮೇಲೆ. ... ನಗ್ತಿಲ್ಲ ಕಣೋ, ನಿಜವಾಗ್ಲೂ. ಇವತ್ತು ಅಮ್ಮನ ಮೈಮೇಲೆ ಇನ್ನೊಂದು ಏಟು ಬಿದ್ರೆ ಅದನ್ನೂ ಸೇರಿಸ್ತೀನಿ. ಜನ ನಿನ್ನ ಕಡೆ ಬೆರಳು ತೋರಿಸೋ ಹಾಗೆ ಹಾಡ್ತೀನಿ."

...

"ಹಾಂ, ಬಾ. ತಡೆಯೋಕೆ ಬರ್ತೀಯಲ್ವಾ, ಧೈರ್ಯವಾಗಿ ಬಾ. ಹೋದ ಸಲದ ಹಾಗೆ ಅವಸರ ಮಾಡ್ಬೇಡ. ಆರಂಭದಲ್ಲಿ ಒಂದು ಚಿಕ್ಕ ಹಾಡು ಹೇಳ್ತೀನಿ, ಅದು ಬೆಲ್ಟಿನ ಹಾಡಲ್ಲ. ನಿನ್ನದು ಕೊನೇಲಿ. ಎಲ್ಲರದೂ ಮುಗಿದಮೇಲೆ. ... ಹೌದು, ಕಟ್ಟಕಡೇದು. ಮಧ್ಯೆ ಎದ್ದು ಹೋದ್ರೆ ತಪ್ಪಿಸ್ಕೊತೀಯ."

ಮೇಷ್ಟ್ರು ಅವಳಿಗೆ ಕೊಟ್ಟಿದ್ದು ಒಂದೇ ಹಾಡಿನ ಹೊತ್ತು, ಅದೂ ಎಲ್ಲರಿಗಿಂತ ಮೊದಲು. ಬಹಳ ದಿನಕ್ಕೆ ಬಂದವರು ಕಾದಷ್ಟೂ ಹೆದರುತ್ತಾರೆ ಎಂದಿದ್ದರು. ವೇದಿಕೆಯ ಹಿಂದೆ ಮೆಟ್ಟಿಲಿದೆ, ಅದು ಓಣಿಗೆ ಇಳಿಯುತ್ತದೆ. ಹೋಟೆಲುಗಳಿಗೆ ಮಾಂಸ ಒಯ್ಯುವ ಅಂಗಡಿಯ ವ್ಯಾನು ಆ ಓಣಿಯಲ್ಲಿ ನಿಂತಿರುತ್ತದೆ, ಓಡಿಸುವವಳೂ ಅವಳೇ. ಅಣ್ಣ ಒಳಗೆ ಕುರ್ಚಿಯ ತುದಿಯಲ್ಲಿ ಕೂತು, ಮುಷ್ಟಿ ಬಿಗಿದು, ಒಬ್ಬೊಬ್ಬರ ಹಾಡನ್ನೂ ಹಲ್ಲು ಕಚ್ಚಿ ಕೇಳುತ್ತಿರಲಿ. ಅಷ್ಟರಲ್ಲಿ ಊರಿನ ಆ ತುದಿಯ ಮನೆಗೆ ಹೋಗಿ ಅಮ್ಮನನ್ನು ಹತ್ತಿಸಿಕೊಂಡು ಊರೇ ದಾಟಬಹುದು.

ಅಂದರೆ ಬೆಲ್ಟಿನ ಹಾಡನ್ನು ಇವತ್ತು ಹಾಡುವ ಹಾಗಿಲ್ಲ. ಹೆಗಲ ಮೂಳೆ ಕೂಡಿಕೊಂಡ ದಿನದಿಂದ ಮೈಯೊಳಗೆ ಹೊತ್ತು ತಿರುಗಿದ ಹಾಡು ಅದು. ಅದರ ಜಾಗದಲ್ಲಿ ಬಸ್ ನಿಲ್ದಾಣದ ಬೆಕ್ಕಿನ ಮೇಲೆ ಕಟ್ಟಿದ ತಮಾಷೆಯ ಹಾಡೊಂದನ್ನು ಹಾಡಿ, ಚಪ್ಪಾಳೆಗೆ ತಲೆಬಾಗಿ, ಪರದೆಯ ಹಿಂದೆ ಸರಿಯಬೇಕು. ಇಷ್ಟು ದಿನ ಕಾದು ಬಂದದ್ದು ಬೆಕ್ಕಿನ ಹಾಡಿಗೇ ಎಂದು ಜನ ನಗಬಹುದು. ನಗಲಿ. ಮೇಷ್ಟ್ರಿಗೂ ಹೇಳುವುದಿಲ್ಲ. ಅಮ್ಮನಿಗಂತೂ ಹೇಳುವ ಹಾಗೇ ಇಲ್ಲ. ಅಮ್ಮನ ಮುಖದಲ್ಲಿ ಒಂದು ಗುಟ್ಟೂ ಒಂದು ಗಳಿಗೆ ನಿಲ್ಲದು.

"ಹಲೋ, ಕೇಳ್ತಿದೀನಿ. ಅಮ್ಮನ್ನೂ ಕರ್ಕೊಂಡು ಬಾ. ಮುಂದಿನ ಸಾಲಲ್ಲೇ ಕೂರಿಸ್ತೀನಿ, ದೀಪದ ಬೆಳಕಲ್ಲಿ. ಊದಿರೋ ತುಟಿ ಎಲ್ರೂ ನೋಡ್ಲಿ. ... ಯಾಕೆ? ಕರ್ಕೊಂಡು ಬರಲ್ವಾ? ಮನೇಲೇ ಬಿಟ್ಟು ಬರ್ತೀಯಾ? ... ನಿನ್ನಿಷ್ಟಪ್ಪ. ಒಬ್ಬನೇ ಬಾ ಹಾಗಾದ್ರೆ."

...

"ಒಂದೇ ಒಂದು ಮಾತು, ಅಮ್ಮನಿಗೆ ಕೊಡು. ... ಅಮ್ಮಾ? ಇಲ್ಲ, ನೀನು ಬರೋದು ಬೇಡ. ... ಹೌದು, ಹಾಡೇ ಹಾಡ್ತೀನಿ. ... ನಿನ್ನನ್ನ ಕೊಂದು ಹಾಡ್ತಿದೀನಾ? ಹಾಗೇ ಅಂದ್ಕೋ."

...

"ಹೌದಮ್ಮ, ಕಲ್ಲೇ ನಾನು. ನಿಂಗೆ ನನ್ನಂಥದ್ದು ಹುಟ್ಟಬಾರದಿತ್ತು. ಆಯ್ತು. ಶಾಪ ಹಾಕು, ಪರವಾಗಿಲ್ಲ, ಹಾಕು. ಆದ್ರೆ ಅವನು ಹೊರಟಮೇಲೆ ನೀನು ಪಕ್ಕದ ಮನೆಗೂ ಹೋಗಬೇಡ, ಮಲಗಲೂಬೇಡ. ಮನೇಲೇ ಇರು. ... ಯಾಕೆ ಅಂತ ಕೇಳಬೇಡ. ಮನೇಲೇ... ಅಮ್ಮಾ? ಹಲೋ? ಮನೇಲೇ ಇರ್ತೀಯ ಅಲ್ವಾ? ಹಲೋ, ಅಮ್ಮಾ, ಇರ್ತೀಯ..."

ಲೈನು ಕಡಿದುಹೋಗಿತ್ತು.